ನರದ ನೂಲು

ಹ್ಯಾಮರ್‌ಫೆಸ್ಟ್ ಆಸ್ಪತ್ರೆಯಿಂದ ನಾಲ್ಕು ತಾಸಿನ ಹಾದಿ.
ಹಿಂದಿನ ಸೀಟಿನಲ್ಲಿ ನನ್ನ ಚೀಲ:
ಪ್ಲಾಸ್ಟಿಕ್ಕಿನ ಒಂಬತ್ತು ಗೂಟ,
ಗುಂಡಿ ಹಾಕಿ ತೆಗೆಯಲೆಂದೇ ಹೊಲಿದ ಬಟ್ಟೆಯ ತುಂಡು,
ಹಿಡಿ ದಪ್ಪಗಿರುವ ಚಮಚ, ಹದಿನಾಲ್ಕು ಪುಟದ ನಮೂನೆ.
ದಕ್ಷಿಣದವಳು ನಾನು.
ಕೈಗಳಿಗೆ ಕೆಲಸ ಮರಳಿಸುವುದು ನನ್ನ ಕೆಲಸ,
ಹಾಗೆಂದು ಪ್ರಮಾಣಪತ್ರ ಹೇಳುತ್ತದೆ.

ಸುನ್ನಾ ಕಿಟಕಿಯ ಬಳಿ ಕೂತಿದ್ದಳು.
ಎಡಗೈ ತೊಡೆಯ ಮೇಲೆ,
ಯಾರೋ ಬಸ್ಸಿನಲ್ಲಿ ಬಿಟ್ಟುಹೋದ ಗಂಟಿನ ಹಾಗೆ.
ಹತ್ತಿಯಿಂದ ಕೆನ್ನೆ ಸವರಿದೆ, ಗೊತ್ತಾಗುತ್ತಾ?
ಬಲಕ್ಕೆ, ಹೂಂ.
ಎಡಕ್ಕೆ, ಏನೂ ಇಲ್ಲ.
ಸ್ವಲ್ಪ ಸಲಿಗೆ ಬೆಳೆಯಲಿ ಎಂದು ಕೇಳಿದೆ:
"ನಿಮ್ಮವು ಎಷ್ಟು ಹಿಮಸಾರಂಗ?"
ಅವಳು ಕಿಟಕಿಯಾಚೆ ನೋಡಿದಳು.
ಮುಂದಿನ ಮೂವತ್ತು ಪ್ರಶ್ನೆಗೂ
ಕಿಟಕಿಯಾಚೆಯೇ ನೋಡಿದಳು.
ಬರೆದುಕೊಂಡೆ: ಗ್ರಹಿಕೆ ಕುಂದಿದೆ. ಸಹಕಾರವಿಲ್ಲ.

ತಂಗಿಯ ಮಗಳು ರಾವ್ದ್ನಾ ಕಾರಿನವರೆಗೆ ಬಂದಳು.
"ಬ್ಯಾಂಕಿನಲ್ಲಿ ಎಷ್ಟಿಟ್ಟಿದ್ದೀ?"
ನಾನು ತಡವರಿಸಿದೆ.
"ಅಷ್ಟೇ," ಅಂದಳು, "ಒಳಗೆ ನೀನು ಕೇಳಿದ್ದೂ ಅದನ್ನೇ."
ಆಮೇಲೆ ಕಾರಿನ ಬಾಗಿಲಿಗೆ ಕೈಯಿಟ್ಟು, ಮೆಲ್ಲಗೆ:
"ನಾರ್ವೇಜಿಯನ್ನಿನಲ್ಲಿ ಯಾರಾದರೂ ಸಾಲಾಗಿ ಪ್ರಶ್ನೆ ಕೇಳಿದರೆ
ದೊಡ್ಡಮ್ಮನಿಗೆ ಏಳು ವರ್ಷವಾಗಿಬಿಡುತ್ತದೆ.
ಹಾಸ್ಟೆಲಿನ ಉದ್ದ ಹಜಾರ. ನೆಲಕ್ಕೆ ಸೋಪಿನ ವಾಸನೆ.
ಸಾಮಿ ಮಾತು ಬಾಯಿಗೆ ಬಂದರೆ ಆ ರಾತ್ರಿ ಊಟವಿಲ್ಲ.
ಆಗ ಕಲಿತ ಉತ್ತರ ಅದು, ಕಿಟಕಿ."

ಎರಡನೇ ಸಲ ಚೀಲ ಕಾರಿನಲ್ಲೇ ಉಳಿಯಿತು.
ನಾಲ್ಕು ಸಾಮಿ ಮಾತು ಕಲಿತು ಹೋಗಿದ್ದೆ, ಮೂರು ತಪ್ಪು.
ಮೇಜಿನ ಮೇಲೆ ಕಾಫಿ ಕೆಟಲು,
ಕೆಟಲಿನ ಅಡಿಗೆ, ಅಂಚೆಯಲ್ಲಿ ಬಂದ ನನ್ನದೇ ವರದಿ,
ಸುಟ್ಟ ಕಂದು ಬಳೆ ಮೂಡಿತ್ತು ಅದರ ಮೇಲೆ.
ಯಾರೂ ಅದರ ಮಾತೆತ್ತಲಿಲ್ಲ.
ಕಾಫಿಯ ತಳದಲ್ಲಿ ಒಣ ಚೀಸಿನ ಚೂರು,
ಅಗಿದರೆ ಹಲ್ಲಿನಡಿ ಕೀಚಲು.
ಒಂದು ತಾಸು ಯಾರೂ ಮಾತಾಡಲಿಲ್ಲ. ನಾನೂ ತುಂಬಲು ಹೋಗಲಿಲ್ಲ.
ಗೂಟಗಳನ್ನು ತೂತಿಗೆ ತುಂಬುವುದು ಇದಕ್ಕಿಂತ ಸುಲಭ.

ಆಮೇಲೆ ಅವಳು ಒಂದು ಕಟ್ಟು ಬಿಚ್ಚಿದಳು.
ಸಾರಂಗದ ಬೆನ್ನಿನಿಂದ ಸುಲಿದು ಒಣಗಿಸಿದ ನರ.
ಹಲ್ಲಿನಿಂದ ಸೀಳಿ, ಎಂಜಲಲ್ಲಿ ನೆನೆಸಿ,
ಎರಡೆಳೆಯನ್ನು ಕೆನ್ನೆಗೊತ್ತಿ
ಬಲ ಅಂಗೈಯಲ್ಲಿ ಹೊಸೆಯತೊಡಗಿದಳು.
ಎಡಗೆನ್ನೆಗೆ. ಆ ಸತ್ತ ಕೆನ್ನೆಗೇ.
ಅಲ್ಲಿ ಗೊತ್ತಾಗುವುದಿಲ್ಲವಲ್ಲ, ಅಂದೆ.
ರಾವ್ದ್ನಾ ಉತ್ತರ ದಾಟಿಸಿದಳು:
"ಅದಕ್ಕೇ. ಸುಮ್ಮನೆ ಕೂತದ್ದಕ್ಕೆ ಒಂದಿಷ್ಟು ಕೆಲಸ."
ನೂಲಿನ ಬಾಲ ಓಡದಂತೆ
ಎಡಗೈಯನ್ನು ಎತ್ತಿ ಅದರ ಮೇಲಿಟ್ಟಳು,
ಗಾಳಿಗೆ ಡೇರೆಯಂಚಿನ ಮೇಲೆ ಕಲ್ಲಿಡುವ ಹಾಗೆ.
ಕಡಿದದ್ದು ಒಂದು ನರ,
ಹೊಸೆಯುತ್ತಿರುವುದು ಇನ್ನೊಂದು.

ನಾನು ಮಾಡಿದ್ದು ಇಷ್ಟೇ:
ಮೇಜನ್ನು ಎರಡು ಬೆರಳು ಎತ್ತರಿಸಿದೆ,
ಮಣಿಕಟ್ಟಿನಡಿಗೆ ಜಾರದ ತೊಗಲಿನ ಪಟ್ಟಿ ಇಟ್ಟೆ.
ಅದನ್ನೂ ಕೇಳಿ.

ಗುರಿ ಏನೆಂದು ಬರೆಯಲಿ?
"ರಾವ್ದ್ನಾಳ ಕೂಸಿಗೆ ಒಂದು ಜೊತೆ ಚರ್ಮದ ಬೂಟು,
ನದಿ ಹೆಪ್ಪುಗಟ್ಟುವ ಮೊದಲು."
ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಸ್ನಾನ, ಉಡುಗೆ, ಅಡುಗೆ, ಇತರೆ.
ಇತರೆ ಒತ್ತಿದೆ.

ಅಕ್ಟೋಬರಿಗೆ ಮುಗಿದದ್ದು ಒಂದೇ ಬೂಟು.
ನದಿ ಕಾಯಲಿಲ್ಲ, ಕೂಸಿನ ಕಾಲೂ ಕಾಯಲಿಲ್ಲ.
ಬಿಚ್ಚಿ ದೊಡ್ಡದು ಮಾಡುತ್ತಿದ್ದಾಳೆ, ಬೈಯುತ್ತಾ.
ಕೈ ಇನ್ನೂ ಕಲ್ಲೇ.
ನೂಲು ಜಾರಿದಾಗ ಮಾತ್ರ, ಒಮ್ಮೊಮ್ಮೆ, ಹೆಬ್ಬೆರಳು
ನಿದ್ದೆಯಲ್ಲಿ ಹೆಸರು ಕೇಳಿದವರ ಹಾಗೆ ಹೊರಳುತ್ತದೆ.

ಮೊನ್ನೆ ನನಗೂ ಒಂದೆಳೆ ಕೊಟ್ಟಳು.
ಕೆನ್ನೆಗೊತ್ತಿ ಹೊಸೆದೆ, ತುಂಡಾಯಿತು.
ಮತ್ತೆ ಹೊಸೆದೆ. ತುಂಡು.
ಬಾಯಿಯ ಅರ್ಧದಲ್ಲಿ ನಗುತ್ತಾ ಏನೋ ಅಂದಳು.
ಏನಂತೆ?
ರಾವ್ದ್ನಾ ಕಾಫಿ ಬಗ್ಗಿಸುತ್ತಲೇ ಹೇಳಿದಳು:
"ಬರೆದುಕೋ ಅಂತಾಳೆ. ಗ್ರಹಿಕೆ ಕುಂದಿದೆ.
ಸಹಕಾರ, ಪರವಾಗಿಲ್ಲ."